ಉಳಿದರ್ಧ ಹುಮನಾಬಾದಿನಲ್ಲಿ

ಹುಮನಾಬಾದಿನ ಚಿತ್ರರಸಿಕರ ಬಳಗದ ವಾರ್ಷಿಕೋತ್ಸವಕ್ಕೆ ಅಧ್ಯಕ್ಷರಾಗಿ ಒದಗಿಬಂದ ಪಾಂಡುರಂಗರಾಯರೇ, ಮುಖ್ಯ ಅತಿಥಿಗಳಾದ ಸಮ್ರೀನ ಮೇಡಂ ಅವರೇ, ಇಂದು ಸನ್ಮಾನಿತರಾದ, ಬಸವಕಲ್ಯಾಣದ ಟಾಕೀಸಿನ ಮಾಜಿ ಮ್ಯಾನೇಜರ್ ವಜೀರ್ ಸಾಹೇಬರೇ, ಸಭಿಕರೇ, ಹಾಗೂ ಮೂರನೆಯ ಸಾಲಿನಲ್ಲಿ ಕುಳಿತು ನನ್ನನ್ನು ಬಿಟ್ಟು ನನ್ನ ಹಿಂದಿನ ಬ್ಯಾನರನ್ನು ಓದುತ್ತಿರುವ ನನ್ನ ಪತ್ನಿ ವಿದ್ಯಾವತಿಯವರೇ,

‘ಎಂಬತ್ತರ ದಶಕದ ನನ್ನ ಮೆಚ್ಚಿನ ಚಿತ್ರಗಳು’ ಎಂಬ ವಿಷಯ ಕೊಟ್ಟಿದ್ದೀರಿ. ನಿವೃತ್ತ ಕನ್ನಡ ಉಪನ್ಯಾಸಕನಿಗೆ ಮೈಕು ಕೊಟ್ಟರೆ ಸಾಕು, ವಿಷಯ ಬೇಕಾಗುವುದಿಲ್ಲ. ಈ ಸಲ ಮಾತ್ರ ವಿಷಯವೇ ನನ್ನನ್ನು ಗೊಂದಲಕ್ಕೆ ಕೆಡವಿದೆ. ನೀವು ಬಹುವಚನ ಹಾಕಿದ್ದೀರಿ. ನನಗೆ ಮೆಚ್ಚಿನದು ಒಂದೇ ಚಿತ್ರ. ಒಂದೇ ಎಂದುಕೊಂಡಿದ್ದೆ. ಅದು ಎರಡಂತೆ. ಸರಿಯಾಗಿ ಹೇಳಬೇಕೆಂದರೆ ಎರಡು ಅರ್ಧಗಳಂತೆ. ಅದರ ಹೆಸರು ಹೇಳಲಾರೆ. ಹೇಳಿದರೆ ಅದು ಮಧ್ಯಂತರದವರೆಗೆ ಮಾತ್ರ ನಿಜ.

ಆ ದಶಕ ನೆನಪಿದೆಯೇ? ನಾಯಕ ಬಿಳಿ ಪ್ಯಾಂಟು ಹಾಕಿಕೊಂಡು ಹೊಲ ಉಳುತ್ತಿದ್ದ. ನಾಯಕಿಗೆ ಕ್ಷಯ ಹಿಡಿದರೂ ತುಟಿಯ ಬಣ್ಣ ಕ್ಷಯಿಸುತ್ತಿರಲಿಲ್ಲ. ಖಳನಾಯಕನ ಗೋದಾಮಿನ ತುಂಬ ಖಾಲಿ ಪೀಪಾಯಿಗಳೇ ಇರುತ್ತಿದ್ದವು. ನಾವು ಯಾಕೆಂದು ಕೇಳಿದೆವೇ? ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಮುಳುವಾಯಿತು.

ಆಗ ನಮ್ಮ ಭಾಗಕ್ಕೆ ಒಂದು ಚಿತ್ರದ ಒಂದೇ ಪ್ರಿಂಟು ಬರುತ್ತಿತ್ತು. ಟಾಕೀಸು ಎರಡು. ಮೊದಲು ಹುಮನಾಬಾದಿನಲ್ಲಿ ಆಟ ಶುರು. ಇಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ ಮೋಟಾರ್ ಸೈಕಲ್ ಮೇಲೆ ಬಸವಕಲ್ಯಾಣಕ್ಕೆ ಸಾಗಿಸುತ್ತಿದ್ದರು. ಅಲ್ಲಿ ಆಟ ತಡವಾಗಿ ಶುರು. ಹುಮನಾಬಾದಿನವರು ಅತ್ತು ಮುಗಿಸಿದ ಮೇಲೆ ಬಸವಕಲ್ಯಾಣದ ನಾವು ಅಳಬೇಕು. ನಮ್ಮ ಕಣ್ಣೀರೂ ಸೆಕೆಂಡ್ ಹ್ಯಾಂಡು.

ಹೆಣ್ಣು ನೋಡಲು ನಾನು ಬಂದದ್ದು ಇದೇ ಊರಿಗೆ. ವಿದ್ಯಾವತಿಯವರು ಆಗಷ್ಟೇ ಇಲ್ಲಿನ ಶಾಲೆಗೆ ಟೀಚರಾಗಿ ಸೇರಿದ್ದರು. ಉಪ್ಪಿಟ್ಟಿನ ತಟ್ಟೆ ಇಟ್ಟವರೇ, ಯಾವ ಸಿನಿಮಾ ಇಷ್ಟ ಎಂದು ಕೇಳಿದರು. ಹೇಳಿದೆ. ಅವರಿಗೂ ಅದೇ ಇಷ್ಟವಂತೆ. ಅದರಲ್ಲಿ ಏನು ಇಷ್ಟ ಎಂದು ಮತ್ತೆ ಕೇಳಿದರು.

“ಕಡೀಗಿ ಬರೋದು. ನನ್ನ ಸಂಸಾರಾನೂ ಹಾಂಗೇ ಆಗಬೇಕಂತ ಆಸೆ ಅದರಿ,” ಎಂದೆ.

“ಮಾತು ಅಂದ್ರ ಮಾತೇನ್ರಿ?”

“ಮಾತೇರಿ.”

ಲಗ್ನವಾಯಿತು. ನಾನು ಬಸವಕಲ್ಯಾಣದಲ್ಲಿ ಮನೆಯಿಂದ ಕಾಲೇಜಿಗೆ ನಡೆದು ಹೋಗುತ್ತಿದ್ದೆ. ಅವರು ಬೆಳಗಿನ ಬಸ್ಸು ಹಿಡಿದು ಹುಮನಾಬಾದಿಗೆ ಬಂದು ಹೋಗುತ್ತಿದ್ದರು. ಶಾಲೆ ಶುರುವಾಗುವ ಹೊತ್ತಿಗೆ, ಪ್ರತಿ ಜೂನಿನಲ್ಲಿ, ಒಂದೇ ಪ್ರಶ್ನೆ: “ಸಿನಿಮಾದಾಗಿನ ಹಾಂಗ ಯಾವಾಗ್ರಿ?” “ಆಗೇಬಿಟ್ಟದಲ್ಲ,” ಎನ್ನುತ್ತಿದ್ದೆ ನಾನು. ಅವರು ನನ್ನನ್ನು ಚೇಷ್ಟೆಗಾರ ಎಂದುಕೊಂಡರು. ನಾನು ಅವರನ್ನು ಪ್ರೇಮಮಯಿ ಎಂದುಕೊಂಡೆ. ಇಬ್ಬರೂ ಸುಖವಾಗಿಯೇ ಇದ್ದೆವು ಎಂದು, ಹೋದ ತಿಂಗಳವರೆಗೆ, ನಾನು ಭಾವಿಸಿದ್ದೆ.

ಹೋದ ತಿಂಗಳು ಆ ಚಿತ್ರ ಟಿವಿಯಲ್ಲಿ ಬಂತು. ನಾನು ಕಂಡಿದ್ದ ಕೊನೆಯಲ್ಲಿ, ಮುನಿದು ತವರಿಗೆ ಹೋಗಿದ್ದ ನಾಯಕಿ ಗಂಡನ ಮನೆಗೆ ಮರಳಿ ಅತ್ತೆಗೆ ಹೋಳಿಗೆ ಬಡಿಸುತ್ತಾಳೆ. ಟಿವಿಯಲ್ಲಿ ಹೋಳಿಗೆಯೂ ಇಲ್ಲ, ಅತ್ತೆಯೂ ಇಲ್ಲ. ಟೀಚರಾದ ನಾಯಕಿ ತನ್ನ ಊರಿನಲ್ಲೇ ಉಳಿಯುತ್ತಾಳೆ. ನಾಯಕ ಹಾಸಿಗೆ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ಅವಳ ಊರಿಗೇ ಬಂದುಬಿಡುತ್ತಾನೆ. ಇದು ಬೇರೆ ಯಾವುದೋ ಸಿನಿಮಾ ಎಂದೆ ನಾನು. ವಿದ್ಯಾವತಿಯವರು ಟಿವಿ ಆರಿಸಿ, ನೀವು ಯಾವುದನ್ನು ನೋಡಿದ್ದಿರಿ, ಹೇಳಿ ಎಂದರು. ಹೋಳಿಗೆಯ ತನಕ ಹೇಳಿದೆ.

“ಹಂಗಂದ್ರ ನಾ ಯಾರನ್ನ ಮದಿವ್ಯಾದೆ?” ಎಂದರು.

ವಜೀರ್ ಸಾಹೇಬರಿಗೆ ಫೋನು ಹಚ್ಚಿದೆ. ಅವರಿಗೇನೂ ಅಚ್ಚರಿಯಿಲ್ಲ. “ಇಂಟರ್ವಲ್ ನಂತರದ ರೀಲು ತರೋ ಗಾಡಿ ದಾರ್ಯಾಗ ರಾಜೇಶ್ವರದ ಹತ್ರ ಪಂಚರ್ ಆಗಿತ್ರಿ ಸರ್. ಇಲ್ಲಿ ಪಬ್ಲಿಕ್ ಕುರ್ಚಿ ಮುರ್ಯಾಕತ್ತಿತ್ತು. ಹಿಂದಿನ ವಾರದ ಸಿನಿಮಾದ್ದು ಡಬ್ಬಿ ವಾಪಸ್ ಕಳ್ಸೋದು ಉಳಿದಿತ್ತು, ಹಾಕಿಬಿಟ್ಟಿವಿ. ಹೀರೋ-ಹೀರೋಯಿನ್ ಜೋಡಿ ಅದೇ, ಮೀಸಿ ಅದೇ. ನೀವು ಯಾರೂ ಕೇಳಲೇ ಇಲ್ಲ, ಸೀಟಿ ಹೊಡಕೋತ ಹೋದ್ರಿ.” ಹಿಂದಿನ ವಾರದ ಚಿತ್ರ ನಾನು ನೋಡಿರಲಿಲ್ಲ, ಎಂ.ಎ. ಪರೀಕ್ಷೆ ಇತ್ತು. ಶಿಕ್ಷಣ ಕೊಡುವ ಶಿಕ್ಷೆ ಹೀಗೂ ಇರುತ್ತದೆ. ಅರ್ಧಾಂಗಿ ಎಂದರೆ ಚಿತ್ರದ ಉಳಿದರ್ಧ ನೋಡಿದವರು ಎಂದು ತಿಳಿಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ನಗುತ್ತಿದ್ದೀರಿ, ನಗಿರಿ. ಅವರು ನಗಲಿಲ್ಲ. ಬರುವ ಮೇ ತಿಂಗಳಲ್ಲಿ ಅವರಿಗೆ ನಿವೃತ್ತಿ. ಇನ್ನು ಬಸ್ಸೂ ಇಲ್ಲ, ಶಾಲೆಯೂ ಇಲ್ಲ; ಹಾಗಾಗಿ ಮಾತು ಮುಗಿಯಿತು ಎಂದುಕೊಂಡೆ. ಅವರು ಇದೇ ಊರಿನಲ್ಲಿ, ತಮ್ಮ ಶಾಲೆಯ ಹಿಂದಿನ ಓಣಿಯಲ್ಲಿ, ಮನೆ ನೋಡಿ ಬಂದಿದ್ದಾರೆ. ಹೇಳಿದ್ದು ಒಂದೇ ಮಾತು: “ನಾ ಹೋಗಾಕತ್ತೇನ್ರಿ. ನೀವು ನಿಮ್ಮ ಸಿನಿಮಾದಾಗೇ ಇರ್ರಿ.”

ಸಭಿಕರೇ, ಈಗ ನಾನೇನು ಮಾಡಲಿ? ಹಾಸಿಗೆ ಸುತ್ತಿಕೊಂಡು ಹಿಂದೆ ಹೋಗಲೇ? ಹೋದರೆ ಅದು ಪ್ರೀತಿಯೋ, ಬರಿಯ ನಕಲೋ? ನಕಲು ಹೊಡೆದವರನ್ನು ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದವನು ನಾನು. ಇನ್ನೊಂದು ಪ್ರಶ್ನೆ ನಿದ್ದೆ ಕೆಡಿಸಿದೆ. ಅಂದು ಆ ಗಾಡಿ ಪಂಕ್ಚರ್ ಆಗದೆ, ನಾನು ಸರಿಯಾದ ಕೊನೆಯನ್ನೇ ಕಂಡಿದ್ದರೆ? ಹೆಂಡತಿಯ ಊರಿಗೆ ಹಾಸಿಗೆ ಹೊರುವ ನಾಯಕನನ್ನು ಆಗಿನ ನಾನು ಮೆಚ್ಚುತ್ತಿದ್ದೆನೇ? ಇಲ್ಲವೆಂದೇ ಅನುಮಾನ. ಹಾಗೆಂದು ಬಾಯಿಬಿಟ್ಟಿದ್ದರೆ ವಿದ್ಯಾವತಿಯವರು ಉಪ್ಪಿಟ್ಟು ತಿನ್ನಿಸಿ ಕಳಿಸಿಬಿಡುತ್ತಿದ್ದರು. ಅವರು ನನಗೆ ಸಿಕ್ಕಿದ್ದೇ ಆ ಪಂಕ್ಚರಿನಿಂದ. ಅದಕ್ಕೆ ಬಯ್ಯಲೇ, ಕೈಮುಗಿಯಲೇ?

ಬಳಗದವರು ಈಗ ಅದೇ ಚಿತ್ರವನ್ನು ಪೂರ್ತಿ ತೋರಿಸುತ್ತಾರಂತೆ. ಇಲ್ಲಿಂದ ಕಾಣುತ್ತಿದೆ: ವಿದ್ಯಾವತಿಯವರು ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟಿದ್ದಾರೆ. ಬಸ್ಸಿನಲ್ಲಿ ನಮ್ಮವರಿಗೆ ಸೀಟು ಹಿಡಿಯುವುದೂ ಹೀಗೆಯೇ, ಬೇಡದವರು ಕೂರದಂತೆ ಮಾಡುವುದೂ ಹೀಗೆಯೇ. ನನಗೆ ತಿಳಿಯುತ್ತಿಲ್ಲ. ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಚೀಲ ಸರಿಸಿದರೆ ಕೂರುತ್ತೇನೆ, ಸರಿಸದಿದ್ದರೆ ನಿಂತೇ ನೋಡುತ್ತೇನೆ. ಈ ಸಲ ಮಾತ್ರ ಕೊನೆಯವರೆಗೂ.

ನನ್ನ ಮನೆಯ ಮಾತನ್ನು ನಿಮ್ಮ ಸಭೆಯ ಮಾತೆಂದು ಕೇಳಿದ ನಿಮಗೆಲ್ಲ ಋಣಿ. ದೀಪ ಆರಿಸಿರಿ. ನಮಸ್ಕಾರ.