ಪರೇಡ್ ಕಾರಿನ ಕಂಬಿ

...ಬೇಡ ಸುವರ್ಣಕ್ಕ, ಟೀ ಬೇಡ. ಕೂತ್ಕೊಳ್ಳಿ ನೀವು. ಮೂರ್ತಣ್ಣ ತೀರ್ಕೊಂಡು ಇನ್ನೂ ಹದಿನೈದು ದಿನ ಆಗಿಲ್ಲ, ನನಗೆ ಉಪಚಾರ ಮಾಡ್ತೀರಾ! ಗೋಪಾಳದಿಂದ ಭದ್ರಾವತಿ ಏನು ದೂರಾನಾ? ಒಂದು ವಿಷಯ ಹೇಳಿ ಹೋಗೋಣ ಅಂತ ಬಂದೆ.

ನಮ್ಮ ಪರೇಡ್ ಕಾರು... ನೆನಪಿದೆ ಅಲ್ವಾ? ಟಾಪ್ ಇಲ್ಲದ ಹಳೇ ಕಾರು. ಯಾರೋ ಸಾಹುಕಾರರು ಬೇಟೆಗೆ ಅಂತ ಇಟ್ಕೊಂಡಿದ್ರಂತೆ, ಆಮೇಲೆ ಪೊಲೀಸರ ಕೈಗೆ ಬಂತು. ಸಾಹೇಬರು ನಿಂತ್ಕೊಂಡು ಸೆಲ್ಯೂಟ್ ತಗೊಳ್ಳೋಕೆ ಹಿಡ್ಕೊಳ್ಳೋ ಕಂಬಿ ಬೇಕು ಅಂದಾಗ ಮಾಡಿಕೊಟ್ಟಿದ್ದು ನಿಮ್ಮ ಯಜಮಾನ್ರು. ಇದೇ ಅಂಗಳದಲ್ಲಿ! ಇಪ್ಪತ್ತೆರಡು ವರ್ಷ ಅದನ್ನ ಓಡಿಸಿದೀನಿ ಅಕ್ಕ. ಆಳು ನಡೆಯೋ ಸ್ಪೀಡಲ್ಲಿ, ಹಿಂದೆ ನಿಂತವರ ಟೋಪಿ ಅಲುಗದ ಹಾಗೆ... ನಗ್ತೀರಾ? ನಗಿ. ಹೂಂ, ಜಂಬಾನೇ.

ಈಗ ಬಣ್ಣ ಹೊಡೆದು ಮೈದಾನದ ಗೇಟ್ ಹತ್ರ ನಿಲ್ಸಿದಾರೆ, ಜನ ನೋಡ್ಲಿ ಅಂತ. ನೀವೂ ಒಂದ್ಸಲ ಬನ್ನಿ. ಮೂರ್ತಣ್ಣನ ಕಂಬಿ ಹಾಗೇ ಇದೆ. ಅವರು ಹಾಕಿದ ವೆಲ್ಡಿಂಗ್ ಇವತ್ತಿಗೂ ಕೂದಲೆಳೆಯಷ್ಟು ಬಿರುಕು ಬಿಟ್ಟಿಲ್ಲ, ಗೊತ್ತಾ!

...ಯಾಕಕ್ಕ, ಹಾಗೆ ನೋಡ್ತೀರಿ?

ಅಲ್ಲ... ನಾನು ಹೇಳಿದ್ದು... ಹೌದು, ವೆಲ್ಡಿಂಗ್ ಬಿಟ್ಕೊಂಡು ಕಂಬಿ ಕಿತ್ತು ಬಂತು ಅಂತಾನೇ ರಿಪೋರ್ಟಲ್ಲಿದೆ. ರಿಹರ್ಸಲ್ ದಿನ ಸಾಹೇಬರ ಬದಲು ನಿಂತಿದ್ದ ಕಾನ್‌ಸ್ಟೇಬಲ್ ನವೀನ್ ಕೆಳಗೆ ಬಿದ್ದ, ಹಿಂದಿನ ಚಕ್ರ ಅವನ ಕಾಲ ಮೇಲೆ... ಅದೆಲ್ಲ ನಿಮಗೆ ಗೊತ್ತಿರೋದೇ. ಆಮೇಲೆ ಬೇರೆ ಯಾರಾದ್ರೂ ರಿಪೇರಿ ಮಾಡಿರಬಹುದು... ಇಲ್ಲ. ಯಾರೂ ಮಾಡಿಲ್ಲ. ಹಾಗೆ ನೋಡ್ಬೇಡಿ ಅಕ್ಕ, ಹೇಳ್ತೀನಿ.

ಬೋಲ್ಟು. ಕಂಬೀನ ಕಾರಿಗೆ ಹಿಡಿಯೋಕೆ ನಾಲ್ಕು ಬೋಲ್ಟು ಇರ್ಬೇಕು. ಹಿಂದಿನ ದಿನ ಪಾಲಿಶ್ ಮಾಡೋಕೆ ಕಂಬಿ ಬಿಚ್ಚಿದ್ದು ನಾನು. ಎರಡು ಹಾಕಿದೆ, ಇನ್ನೆರಡು ನಾಳೆ ಹಾಕಿದ್ರಾಯ್ತು ಅಂದ್ಕೊಂಡೆ... ಬೆಳಿಗ್ಗೆ ಬೇಗ ಕರೆದ್ರು. ಮರೆತೆ. ಅಷ್ಟೇ ಅಕ್ಕ, ಮರೆತೆ! ಏನಾಯ್ತು ಅಂತ ಸಾಹೇಬರು ಕೇಳಿದಾಗ, ವೆಲ್ಡಿಂಗ್ ಬಿಡ್ತು ಸಾರ್ ಅಂತ ಬಾಯಿಂದ ಬಂದ್ಬಿಡ್ತು. ಎಲ್ರೂ ನವೀನನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ರು. ನಾನು ಒಬ್ನೇ ಕೂತು ನಾಲ್ಕೂ ಬೋಲ್ಟ್ ಬಿಗಿದೆ. ಯಾರೂ ಬಗ್ಗಿ ನೋಡ್ಲಿಲ್ಲ, ನನ್ನ ಮಾತೇ ರಿಪೋರ್ಟಾಯ್ತು.

ಮಾರನೇ ದಿನ ಮೂರ್ತಣ್ಣ ಬಂದ್ರು. ಓಂಕಾರಿ, ಒಂದ್ಸಲ ಆ ಕಂಬಿ ತೋರ್ಸು ಮಾರಾಯ, ಅಂದ್ರು. ಒಳಗೆ ಯಾರನ್ನೂ ಬಿಡಲ್ಲ ಅಂತ ಗೇಟಿಂದಲೇ ಕಳಿಸಿದೆ. ಆಮೇಲೆ ಯಾರು ಅವರಿಗೆ ಕೆಲ್ಸ ಕೊಟ್ರು? ಅಂಗಡಿ ಮುಚ್ಚಿದ್ರು. ಅಂಥಾ ಕೈ ಇದ್ದ ಮನುಷ್ಯ, ಯಾರದ್ದೋ ಗೋಡೌನ್ ಕಾಯೋಕೆ ಹೋದ್ರು...

ನೀವು ಬೆಚ್ಚಿಬೀಳ್ಲಿಲ್ಲ. ಬೈಯ್ಲೂ ಇಲ್ಲ... ಗೊತ್ತಿತ್ತಾ? ಗೇಟಿಂದ ವಾಪಸ್ ಬಂದ ದಿನಾನೇ ಮೂರ್ತಣ್ಣ ಹೇಳಿದ್ರಾ? ಅಯ್ಯೋ ಶಿವನೇ... ಒಂಬತ್ತು ವರ್ಷ! ಬಂದಾಗೆಲ್ಲ ಪಕ್ಕದಲ್ಲಿ ಕೂರಿಸ್ಕೊಂಡು ಊಟ ಹಾಕಿದ್ರಲ್ಲ ಅಕ್ಕ, ಇಬ್ರೂ! ನಾನಾಗೇ ಬಾಯಿ ಬಿಡ್ಲಿ ಅಂತ ಕಾಯ್ತಿದ್ರಾ?

ನವೀನ್ ವಿನೋಬನಗರದಲ್ಲಿದಾನೆ. ಕುಂಟ್ಕೊಂಡೇ ಓಡಾಡ್ತಾನೆ. ಇವತ್ತಿಗೂ ಮೂರ್ತಣ್ಣನಿಗೇ ಶಾಪ ಹಾಕ್ತಾನೆ. ಹೇಳ್ತೀನಿ ಅಕ್ಕ, ಅವನಿಗೆ ಹೇಳೇ ಹೇಳ್ತೀನಿ. ಈ ತಿಂಗಳು ಕಳೀಲಿ...

ಅಕ್ಕ? ಯಾಕೆ ಎದ್ರಿ? ಚಪ್ಪಲಿ ಯಾಕೆ ಹಾಕ್ಕೊಳ್ತಿದೀರಿ?

...ಈಗಲೇನಾ?