ನೀಲಾಬಾಯಿ ತೆಗೆದಿಟ್ಟ ಕೌದಿ

ಕೂತ ಹಿರಿಯರಿಗೂ, ಜಾಗಾ ಸಿಗಲಾರದ ಚಾಳಿನ ಮೆಟ್ಟಲ ಮ್ಯಾಲ ನಿಂತ ಅಕ್ಕತಂಗ್ಯಾರಿಗೂ ಈ ಖಂಡಪ್ಪನ ಶರಣು. ರಾಮಣ್ಣಾ, ಕಸ್ತೂರಿ— ನಮ್ಮನ್ನ ಬಿಟ್ಟುಹೋದ ನೀಲಾಬಾಯಿ ನಿನಗ ಹೆಂಡತಿ, ನಿನಗ ತಾಯಿ. ನನಗ ಏಳು ವರ್ಷ ಒಡತಿ. ಅತ್ತು ಮಾತಾಡಾಕ ನನಗ ಬರೂದಿಲ್ಲ. ನಗಚ್ಯಾಷ್ಟಿ ಬರತೈತಿ. ತಪ್ಪಾದ್ರ ಸಭಾ ಮುಗದ ಮ್ಯಾಲ ಹೊಡೀರಿ.

ಮುಂದಿನ ಸಾಲಿನಾಗ ಗ್ರಾಂಟ್ ರೋಡಿನ ಅಣವೀರಪ್ಪ ಸಾಹುಕಾರ್ರು ಕೂತಾರ. ಮೊಳದುದ್ದ ಹಾರ ತಂದಾರ. ಬರೇ ಕುರ್ಚಿ ಒತ್ತೀತು ಅಂತ ಅವರೊಬ್ಬರಿಗೇ ಕೌದಿ ಹಾಸೀನಿ. ಮೆತ್ತಗೈತೇನ್ರಿ, ಸಾಹುಕಾರ್ರ? — ಛಲೋ ಆತು. ಆರಾಮ ಕೂಡ್ರಿ.

ಅರವತ್ತೆಂಟರಾಗ ಇದೇ ಆಂಟಾಪ್ ಹಿಲ್‌ನಾಗ ನೀಲಾಬಾಯಿ ಹನ್ನೊಂದು ಹೆಣ್ಮಕ್ಕಳನ್ನ ಕೂಡಿಸಿದ್ಲು. ಮಿಲ್ಲಿನ ಗೇಟಿನಿಂದ ಚಿಂದಿ ಗಂಟು ನಾನು ತಲಿ ಮ್ಯಾಲ ಹೊತ್ತು ತರ್ತಿದ್ದೆ. ಇವರು ಅಂಟವಾಳಕಾಯಿ ನೀರಿನಾಗ ತೊಳದು, ಬಿಸಿಲಿಗೆ ಒಣಗಿಸಿ, ಕೌದಿ ಹೊಲೀತಿದ್ರು. ಹೊಸಾ ಅರಿವಿ ಒಂದು ಗೇಣೂ ಕೊಂಡವರಲ್ಲ. ಮಂದಿ ಬಿಸಾಡಿದ್ದರಾಗ ಹನ್ನೊಂದು ಒಲಿ ಉರದಾವು!

ಗಂಟಿನಾಗ ಒಂದು ನೈಲಾನ್ ತುಂಡು ಬಂತೋ— ನೀಲಾಬಾಯಿ ಸೀದಾ ನನ್ನ ಮುಖಕ್ಕ ಒಗೀತಿದ್ಲು. "ಖಂಡಣ್ಣಾ, ಇದು ನೂಲೂ ಅಲ್ಲ, ನಾರೂ ಅಲ್ಲ. ಇದನ್ನ ನಿನ್ನ ಮೊಮ್ಮಗಳಿಗೆ ಹೊಚ್ಚತೀಯೇನು?"

ಕೌದಿ ಮಾರಾಕ ಒಯ್ಯಾವರು ಇದೇ ಸಾಹುಕಾರ್ರು. ನಾನು ಹಮಾಲ, ಅವರು 'ಹಮಾರಾ ಮಾಲ್' ಅನ್ನಾವರು! ಎಪ್ಪತ್ತೆರಡರಾಗ ದೊಡ್ಡ ಪ್ರದರ್ಶನ ಆತು. ನಮ್ಮ ಕೌದಿ ಗ್ವಾಡಿಗೆ ತೂಗ ಹಾಕಿ, "ನನ್ನ ಕಾರಖಾನಿ, ನನ್ನ ಡಿಸೈನು" ಅಂದ್ರು. ನೋಡೂಣಂತ ನೀಲಾಬಾಯಿ ಬಾಗಲಕ್ಕ ಬಂದ್ಲು. ವಾಚ್‌ಮನ್ ತಡದು, ಈಕಿ ಯಾರಂತ ಕೇಳಿದ. "ಯೇ ಬಾಯಿ ಕೌನ್ ಹೈ, ಸೇಠ್?"

ಸಾಹುಕಾರ್ರು ಹಿಂಗ ನೋಡಿದ್ರು— ಹಿಂಗ, ನೊಣ ನೋಡಿದಂಗ. "ಮಾಲೂಮ್ ನಹೀ."

ಮಾಲೂಮ್ ನಹೀ, ಗೊತ್ತಿಲ್ಲಂತ! ಮಾಲ್ ಮಾಲೂಮ್ ಇತ್ತು, ಮಾಡಿದಾಕಿ ಮಾಲೂಮ್ ಇರಲಿಲ್ಲ!

ಕರಕುಶಲ ಉಳಿಸಿದ ಮಹಾನುಭಾವ ಅಂತ ಅವತ್ತ ಇವರಿಗೆ ಕೆಂಪು ರೇಶ್ಮಿ ಶಾಲು ಹೊಚ್ಚಿದ್ರು. ಶಾಲು ಕುರ್ಚಿ ಮ್ಯಾಲ ಬಿಟ್ಟು ಊಟಕ್ಕ ಹೋದ್ರು. ಬಂದು ನೋಡ್ತಾರ, ಶಾಲಿಲ್ಲ! ಪಾಪ, ಆ ವಾಚ್‌ಮನ್ ಬೈಸಿಕೊಂಡ. ಸಾಹುಕಾರ್ರ, ಅವ ಒಯ್ದಿಲ್ಲ. ಯಾರು ಅಂತೀರಿ? ಖಂಡಿತ ಖಂಡಪ್ಪನ!

ನಗಬ್ಯಾಡ್ರಿ. ನೀಲಾಬಾಯಿ ನಗಲಿಲ್ಲ. "ಕಳುವು ಮಾಡಿದೇನಣ್ಣಾ?" "ಇಲ್ಲವ್ವಾ, ಚಿಂದಿ ತಂದೀನಿ." ಒಂದು ಎಳಿ ಕಿತ್ತಿ, ಕಡ್ಡಿ ಗೀರಿ ಸುಟ್ಟಳು. ರೇಶ್ಮಿಯಂಗ ಬೂದಿ ಆಗಲಿಲ್ಲ, ಎಳಿ ಕರಗಿ ಗುಂಡಾತು. ರೇಶ್ಮಿ ಅಲ್ಲ, ನೈಲಾನ್! ಆಗ ನಕ್ಕಳು ನೋಡ್ರಿ— ಹೊಟ್ಟಿ ಹಿಡಕೊಂಡು. ಶಾಲು ಪೆಟ್ಟಿಗ್ಯಾಗ ಇಟ್ಲು.

ಮರುವರ್ಷ ಸಾಹುಕಾರ್ರು, "ಇನ್ನ ನೈಲಾನ್ ಹಾಕ್ರಿ, ಮಶೀನಿಲೆ ಹೊಲೀರಿ" ಅಂದ್ರು. ಈಕಿ ಒಲ್ಲೆ ಅಂದ್ಲು. ಅಷ್ಟಕ್ಕ ಮಿಲ್ಲಿನ ಗೇಟಿನಾಗಿನ ಚಿಂದಿ ಎಲ್ಲಾ ತಾವ ಹಿಡದ್ರು. ನಮಗ ಒಂದು ಗಂಟೂ ಬಿಡಲಿಲ್ಲ. ಹನ್ನೊಂದು ಮಂದಿ ಕೈ ಖಾಲಿ ಆಗಬಾರದಂತ ನೀಲಾಬಾಯಿ ತನ್ನ ಮದುವಿ ಸೀರಿಗೆ ಕತ್ತರಿ ಇಟ್ಟಳು. — ಆ ಕತ್ತರಿ ಸಪ್ಪಳ ಇನ್ನೂ ನನ್ನ ಕಿವ್ಯಾಗೈತಿ. — ಆ ಹನ್ನೊಂದು ಮಂದ್ಯಾಗಿನ ಅಖ್ತರಿ ತನ್ನ ಓಢಣಿ ಕೊಟ್ಲು. ನಾನು ಚಾಳ ಚಾಳ ತಿರುಗಿ ಹಳೇ ಧೋತ್ರ ಬೇಡಿದೆ. ಕೆಲಸ ನಿಲ್ಲಲಿಲ್ಲ. ನೀಲಾಬಾಯಿ ಹೆಸರಿಲೆ ಕೌದಿ ನಾವ ಮಾರಿದ್ವಿ.

ಇವತ್ತ ಸಾಹುಕಾರ್ರ ಕಿಸೆದಾಗ ಒಂದು ಕಾಗದ ಐತಿ. ಮುಂಜಾನೆ ರಾಮಣ್ಣಗ ತೋರಿಸ್ಯಾರ. ತಮ್ಮ ಅಂಧೇರಿ ಕಾರಖಾನಿಯ ನೈಲಾನ್ ಕೌದಿ ಮ್ಯಾಲ ನೀಲಾಬಾಯಿ ಹೆಸರು, ನೀಲಾಬಾಯಿ ಫೋಟೋ ಹಾಕಾಕ ಒಪ್ಪಿಗಿ! ಸಭಾ ಮುಗದ ಮ್ಯಾಲ ರಾಮಣ್ಣನ ಹೆಬ್ಬಟ್ಟು ಬೇಕಂತ. ಜೀಂವ ಇದ್ದಾಗ ಮಾಲೂಮ್ ನಹೀ, ಜೀಂವ ಹೋದ ಮ್ಯಾಲ ಮಾಲೀಕ! ಆ ಹೆಸರು ಹೋತಂದ್ರ ಈ ಹನ್ನೊಂದು ಮಂದಿ ಕೈಕೌದಿ ಯಾರು ಕೇಳತಾರ, ಹೇಳ್ರಿ?

"ಸತ್ತವರ ಮುಂದ ಸಿಟ್ಟು ಬ್ಯಾಡ ಕಾಕಾ" ಅಂದ್ಲು ಅಖ್ತರಿ. ಅವ್ವಾ, ಇದು ಸತ್ತಾಕಿ ಹಚ್ಚಿಹೋದ ಕೆಲಸ. ಹೋದ ತಿಂಗಳ ಹಾಸಿಗಿ ಹಿಡದಾಗ ಆ ಪೆಟ್ಟಿಗಿ ತೆಗಿಸಿದ್ಲು. ಒಂದು ಸಣ್ಣ ಕೌದಿ, ನಟ್ಟನಡುವ ಆ ಶಾಲಿನ ತುಂಡು. "ಹೊಚಗೊಳ್ಳಾಕ ನೈಲಾನ್ ಬ್ಯಾಡಣ್ಣಾ, ಕುಂಡಿ ಕೆಳಗ ನಡೀತೈತಿ. ಆ ಮನಷ್ಯಾ ಒಂದ ದಿನ ನಮ್ಮ ಚಾಳಿಗೆ ಬಂದ ಬರ್ತಾನ. ಹಾಸು."

ಹಾಸೀನಿ, ತಂಗೀ.

ಈಗ ಎಲ್ಲಾರೂ ಏಳ್ರಿ. ಎರಡು ನಿಮಿಷ ಆಕಿ ಹೆಸರಿಲೆ ಸುಮ್ಮ ನಿಲ್ಲೂಣು. ಕೈ ಮುಗಿಯೂದು ಬ್ಯಾಡ. ಮುಷ್ಟಿ ಕಟ್ರಿ, ಹೆಬ್ಬಟ್ಟು ಒಳಗ. ರಾಮಣ್ಣಾ, ನೀನೂ. — ಹಾಂ, ಹಂಗ. ಇನ್ನೂ ಗಟ್ಟಿ.

ಸಾಹುಕಾರ್ರ, ನೀವೊಬ್ಬರ ಯಾಕ ಕೂತೀರಿ? ಕೂಡುವಾಗ ಕೆಳಗ ನೋಡಲಿಲ್ಲ ನೀವು. ಎಂದೂ ನೋಡಿದವರಲ್ಲ. ಏಳ್ರಿ. ಎದ್ದು, ತಿರುಗಿ ನೋಡ್ರಿ. ಆ ಕೆಂಪು ತುಂಡು— ಮಾಲೂಮ್ ಹೈ?

ಬ್ಯಾಡ. ಈಗ ಬಾಯಿ ತೆಗೀಬ್ಯಾಡ್ರಿ. ಮೌನ.