ವಿಡಿಯೋಗೆಂದು ಬಿಟ್ಟ ಕೈ

ಕೊಬ್ಬರಿ ಮಾರಿ ಬಂದು ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದ ಸುವರ್ಣಮ್ಮನ ಕಿವಿ ಪಕ್ಕದ ಇಬ್ಬರು ಕಬಡ್ಡಿ ಹುಡುಗಿಯರ ಕಡೆಗೇ ಇತ್ತು. ಮಂಡಿಗೆ ಪಟ್ಟಿ ಕಟ್ಟಿಕೊಂಡವಳು ಲಿಖಿತಾ. ಗದರುತ್ತಿದ್ದವಳು ಕ್ಯಾಪ್ಟನ್ ಸಾಬಿರಾ.

“ಎಲ್ಲಾ ಕೈ ಕೈ ಹಿಡ್ದು ನಿಂತಿದ್ವಿ. ನೀನ್ಯಾಕೆ ಬುಟ್ಟೆ?”

“ರೈಡರ್‌ನ ಒಬ್ಳೇ ಹಿಡಿಯಾಣ ಅಂತ ಕಣೇ.”

“ನಿಮ್ಮಣ್ಣ ವಿಡಿಯೋ ಮಾಡ್ತಿದ್ದ, ಅದ್ಕೆ ಅನ್ನು.”

“ಹೂಂ ಬುಡು. ಹೆಂಗ್ ಬಂದೈತೆ?”

“ಚೆನ್ನಾಗೈತೆ. ನೀನೊಬ್ಳೇ ಕಾಣ್ತೀಯ, ಮಕಾಡೆ ಬಿದ್ದಿರೋದು.”

“ನಾಳೆ ಫೈನಲ್‌ಗೆ ನನ್ನ ಆಚೆ ಕೂರುಸ್ತೀಯಾ?”

ಹೊನ್ನವಳ್ಳಿ ಬಸ್ಸು ತುಂಬಿಕೊಂಡೇ ಬಂತು. ಮೊದಲು ಹತ್ತಿದ ಸಾಬಿರಾ ಬಾಗಿಲಲ್ಲಿ ತಿರುಗಿ ಕೈ ಚಾಚಿದಳು.

“ಹಿಡ್ಕೋ. ನಾಳೇನೂ ಹಿಂಗೇ ಹಿಡ್ಕೊಂಡಿರು. ನಿಮ್ಮಣ್ಣ ಮಾತ್ರ ಮೊಬೈಲ್ ಮನೇಲಿ ಬಿಟ್ಟು ಬರ್ಲಿ.”

ಬಸ್ಸು ಹೊರಟರೂ ಲಿಖಿತಾ ಆ ಕೈ ಬಿಟ್ಟಿದ್ದು ಸುವರ್ಣಮ್ಮನಿಗೆ ಕಾಣಲಿಲ್ಲ.